ಹಿಲ್ಲೆ ಕೇಳಿಯೇ ಹೋದಳು

ಹಾಲೆಂಡಿನ ಲೈಡನ್ನಿನಲ್ಲಿ ಕಾನೂನು ಓದುತ್ತಿದ್ದಾಗ ನಾನು ಪ್ರಾಧ್ಯಾಪಕ ಫೋಸ್ಮೇರ್ ಅವರ ಮನೆಯ ಅಟ್ಟದಲ್ಲಿ ಬಾಡಿಗೆಗಿದ್ದೆ. ಮನುಷ್ಯರೆಲ್ಲ ಹುಟ್ಟಿನಿಂದಲೇ ಸ್ವತಂತ್ರರು, ಅದು ಯಾವ ದೊರೆಯೂ ಕೊಟ್ಟದ್ದಲ್ಲ, ಪ್ರಕೃತಿಯೇ ಕೊಟ್ಟದ್ದು ಎಂದು ಅವರು ತರಗತಿಯಲ್ಲಿ ಲ್ಯಾಟಿನ್‌ನಲ್ಲಿ ಹೇಳುವಾಗ ನಮಗೆ ಮೈ ಜುಮ್ಮೆನ್ನುತ್ತಿತ್ತು.

ಅವರ ಮನೆಗೆಲಸದ ಹಿಲ್ಲೆಗೆ ಲ್ಯಾಟಿನ್ ಬರುತ್ತಿರಲಿಲ್ಲ. ಆ ಮಾರ್ಚಿನಲ್ಲಿ ಡೆಲ್ಫ್ಟ್ ಊರಿನಿಂದ ಸುದ್ದಿ ಬಂತು: ಅವಳ ಬಾಣಂತಿ ತಂಗಿಗೆ ಜ್ವರ, ನೋಡಿಕೊಳ್ಳುವವರಿಲ್ಲ.

"ಯಜಮಾನ್ರೇ, ಹತ್ತು ದಿನ ಹೋಗ್ಬರ್ತೀನಿ."

"ಮೇ ತಿಂಗಳವರೆಗೆ ಇರ್ತೀನಿ ಅಂತ ಬಂದೋಳು ನೀನು. ಅಲ್ಲೀವರೆಗೆ ನಿನ್ನ ಸ್ವಾತಂತ್ರ್ಯಾನ ನೀನೇ ನನ್ನ ಕೈಗೆ ಕೊಟ್ಟಾಗಿದೆ."

"ನಾನ್ಯಾವಾಗ ಕೊಟ್ಟೆ? ಪಾತ್ರೆ ತೊಳೀತೀನಿ ಅಂದಿದ್ದು ಅಷ್ಟೆ."

"ನಾನು ನಿಯಮ ಹೇಳ್ದಾಗ ಸುಮ್ನಿದ್ದೆ. ಮೌನ ಅಂದ್ರೆ ಒಪ್ಪಿಗೆ. ಇದು ಪ್ರಕೃತಿ ನಿಯಮ."

"ಯಾರು ಸುಮ್ನಿದ್ರೂ ಹಂಗೇನಾ?"

"ಯಾರಾದ್ರೂ ಸರಿ," ಎಂದು ಅವರು ಪುಸ್ತಕ ತೆರೆದರು.

ಮರುದಿನ ಮಧ್ಯಾಹ್ನ ಇಬ್ಬರು ಸಹೋದ್ಯೋಗಿಗಳು ಊಟಕ್ಕೆ ಬಂದಿದ್ದರು. ಎಲ್ಲರೂ ತಲೆ ತಗ್ಗಿಸಿ, ಕಣ್ಣು ಮುಚ್ಚಿ ಊಟಕ್ಕೆ ಮುಂಚಿನ ಮೌನ ಪ್ರಾರ್ಥನೆಗೆ ತೊಡಗಿದಾಗ ಹಿಲ್ಲೆ ಮೇಜಿನ ಬಳಿ ಬಂದು ನಿಂತಳು.

"ಯಜಮಾನ್ರೇ, ಡೆಲ್ಫ್ಟ್‌ಗೆ ಹೊರಟಿದ್ದೀನಿ. ಬೇಡ ಅನ್ನೋದಿದ್ರೆ ಈಗ್ಲೇ ಹೇಳ್ಬಿಡಿ."

ಪ್ರಾರ್ಥನೆಯ ನಡುವೆ ಬಾಯಿ ಬಿಟ್ಟರೆ ದೇವರಿಗೆ ಅಪಚಾರ, ಬಿಡದಿದ್ದರೆ ಅಡುಗೆಮನೆ ಖಾಲಿ. ಯಜಮಾನರ ಕಿವಿ ಕೆಂಪೇರಿತು. ಅವರು 'ಆಮೆನ್' ಅನ್ನುವಷ್ಟರಲ್ಲಿ ಅವಳು ಕುದುರೆ ಎಳೆಯುವ ದೋಣಿ ಹತ್ತಲು ಕಾಲುವೆಯತ್ತ ಓಡಿದ್ದಳು.

"ಚೆನ್ನಾಗೇ ಪಾಠ ಮಾಡಿದ್ದೀರಿ," ಎಂದರು ಅತಿಥಿಯೊಬ್ಬರು, ಬ್ರೆಡ್ ಮುರಿಯುತ್ತ.

ಹನ್ನೆರಡು ದಿನ ಯಜಮಾನರೂ ನಾನೂ ಸೀದ ಬಟಾಣಿ ಸಾರು ತಿಂದೆವು. ಹದಿಮೂರನೆಯ ದಿನ ಹಿಲ್ಲೆ ಬಂದಳು. ಕಣ್ಣ ಸುತ್ತ ಕಪ್ಪು, ಮುಖದಲ್ಲಿ ಮಾತ್ರ ನಗು, ತಂಗಿ ಬದುಕಿಕೊಂಡಿದ್ದಳು.

"ಹಳೇ ಒಪ್ಪಂದ ಮುರಿದುಬಿತ್ತು," ಎಂದರು ಯಜಮಾನರು, ಬಾಗಿಲಲ್ಲೇ.

"ಹೊಸದು ಮಾಡ್ಕೊಳ್ಳೋಣ. ಈ ಸಲ ನಾನೂ ಮಾತಾಡ್ತೀನಿ. ತಿಂಗಳಿಗೊಂದು ಭಾನುವಾರ ನಂದು. ಮನೆಯವ್ರಿಗೆ ಹುಷಾರಿಲ್ಲ ಅಂದ್ರೆ ಹೋಗ್ತೀನಿ."

ಅವರು ಬಹಳ ಹೊತ್ತು ಸುಮ್ಮನಿದ್ದರು.

"ಸುಮ್ನಿದ್ರೆ ಸಾಲ್ದು. ಬಾಯಿಬಿಟ್ಟು ಹೇಳಿ."

"ಒಪ್ಪಿದೆ ಕಣೇ, ಒಳಗೆ ಬಾ."

ಎರಡು ವರ್ಷದ ಮೇಲೆ ಅವರ ಗ್ರಂಥ ಅಚ್ಚಾಯಿತು. ಕರಡು ತಿದ್ದಿದವನು ನಾನೇ. ಆಳುಗಳು, ಹೆಂಗಸರು ಮನೆಯ ಯಜಮಾನನ ಇಚ್ಛೆಯೊಳಗೇ ಇರತಕ್ಕವರು ಎಂಬ ಅಧ್ಯಾಯದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಕಾರಣ ಕೇಳಿದೆ. "ಅದು ಶಾಸ್ತ್ರ ಕಣಯ್ಯ, ಮನೆಯಲ್ಲ," ಎಂದು ಎದ್ದು ಅಡುಗೆಮನೆಗೆ ಹೋದರು. ಅಂದು ಹಿಲ್ಲೆಯ ರಜೆಯ ಭಾನುವಾರ. ಚೀಸ್ ಹೆಚ್ಚುವ ಸರದಿ ಅವರದಾಗಿತ್ತು.