ಕುರಿಯ ಕಣ್ಣು, ಮಗಳ ಕಣ್ಣು

ಬೇಡ ಅಂದರೆ ಮಗಳು ಅಳುತ್ತಾಳೆ. ಹೂಂ ಅಂದರೆ? ಹೂಂ ಅಂದಿದ್ದಕ್ಕೇ ಅಲ್ಲವೇ, ಬಬಲೇಶ್ವರದ ತಾಲೂಕು ಕೂಟದಲ್ಲಿ ಲಲಿತಾ ಎರಡನೆಯವಳಾಗಿ ಗೆರೆ ದಾಟಿ ಅಲ್ಲೇ ಕುಸಿದು ಬಿದ್ದದ್ದು? ಮಮದಾಪುರದ ತನ್ನ ಮನೆಯ ಮುಂದೆ, ಕುರಿಗಳ ನಡುವೆ ಕೂತು ಬೀರಣ್ಣ ಇದನ್ನೇ ಯೋಚಿಸುತ್ತಿದ್ದ. ವಿಜಯಪುರದ ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಹೆಣ್ಣುಮಕ್ಕಳ ಐದು ಸಾವಿರ ಮೀಟರ್ ಓಟಕ್ಕೆ ಲಲಿತಾ ಆಯ್ಕೆಯಾಗಿದ್ದಳು.

ಆಶಾ ಕಾರ್ಯಕರ್ತೆ ರುಕ್ಸಾರ ಬಂದಳು.

"ಬೀರಣ್ಣ ಕಾಕಾ, ಹುಡುಗೀನ ಓಡಾಕ ಕಳಸಂಗಿಲ್ಲಂತ?"

"ಹೆಣ್ಣುಡುಗಿ ಮಂದ್ಯಾಗ ಬಿದ್ರ ಜನ ಏನಂತಾರ ಬೇ? ಸಾಕು."

ಅವನು ಒಂದು ಕುರಿಯನ್ನು ಹಿಡಿದು ಅದರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ.

"ಅದೇನ್ ನೋಡಾಕತ್ತೀರಿ?"

"ಒಳಗ ಕೆಂಪ ಇದ್ರ ಕುರಿ ಗಟ್ಟಿ. ಬೆಳ್ಳಗಿದ್ರ ಮೈಯಾಗ ರಕ್ತ ಇಲ್ಲ. ಗುಡ್ಡ ಏರಿದ್ರ ಬೀಳತೈತಿ. ಇಷ್ಟೂ ಗೊತ್ತಿಲ್ಲೇನ, ಡಾಕ್ಟರಬಾಯಿ?"

"ಹಂಗಾರ ಇಕಿ ಕಣ್ಣೂ ಒಮ್ಮೆ ನೋಡ್ರಿ," ಎಂದು ರುಕ್ಸಾರ ಬಾಗಿಲಲ್ಲಿ ನಿಂತಿದ್ದ ಲಲಿತಾಳನ್ನು ಮುಂದೆ ತಂದು ನಿಲ್ಲಿಸಿದಳು.

"ಯಪ್ಪಾ, ನಾ ಏನ್ ಕುರಿ ಏನ?"

ಬೀರಣ್ಣ ರೆಪ್ಪೆ ಎಳೆದ. ಬೆಳ್ಳಗಿತ್ತು. ಇನ್ನೊಂದು ಕಣ್ಣಿನ ರೆಪ್ಪೆಯನ್ನೂ ಎಳೆದು ನೋಡಿದ.

ಮರುದಿನ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆಯಾಯಿತು. ಹನ್ನೆರಡು ಇರಬೇಕಾದ ಹಿಮೋಗ್ಲೋಬಿನ್ ಒಂಬತ್ತಿತ್ತು. ಡಾಕ್ಟರು ಕಬ್ಬಿಣಾಂಶದ ಗುಳಿಗೆ ಕೊಟ್ಟು, ರಕ್ತ ಏರುವವರೆಗೆ ಓಟ ಬೇಡ ಎಂದರು.

"ಸಾಲ್ಯಾಗ ಕೊಟ್ಟ ಗುಳಿಗೀನೂ ನುಂಗ್ಯಾಳಲ್ಲ!" ತಾಯಿ ಸಕ್ರವ್ವ ಗೊಣಗಿದಳು.

"ಹೆಂಗ ನುಂಗ್ಯಾಳ?" ರುಕ್ಸಾರ ಕೇಳಿದಳು.

"ಹೆಂಗಂದ್ರ? ಚಹಾದ ಜೋಡಿ."

"ಅಲ್ಲೇ ತಪ್ಪಾತ ನೋಡವ್ವಾ. ಚಹಾ ಆ ಗುಳಿಗಿ ಕಸುವು ಮೈಗೆ ಹತ್ತಾಕ ಬಿಡಂಗಿಲ್ಲ. ಊಟಾದ ಮ್ಯಾಲ ನಿಂಬಿಹಣ್ಣಿನ ನೀರಿನ ಜೋಡಿ ನುಂಗಲಿ. ಚಹಾ ಎರಡು ತಾಸು ದೂರ ಇರ್ಲಿ. ಸಂಡಾಸ ಕರ್ರಗಾದ್ರ ಅಂಜಬ್ಯಾಡ್ರಿ, ಅದು ಗುಳಿಗಿದು. ದಿನಾ ತಪ್ಪಲ ಪಲ್ಯ, ಕಾಳು ತಿನ್ನಲಿ."

ಮುಂದಿನ ಪರೀಕ್ಷೆಗಳಲ್ಲಿ ರಕ್ತ ಏರಿತು. ಡಾಕ್ಟರು ಒಪ್ಪಿದ ಮೇಲೆ ಲಲಿತಾ ಮತ್ತೆ ಕೆರೆಯ ಏರಿಯ ಮೇಲೆ ಓಡತೊಡಗಿದಳು. ಬೀರಣ್ಣ ಬೇಡವೆನ್ನಲಿಲ್ಲ.

ವಿಜಯಪುರದ ಕ್ರೀಡಾಂಗಣದಲ್ಲಿ ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ ಲಲಿತಾ ಮೂರನೆಯವಳು. ತಿರುವಿನಲ್ಲಿ ಒಬ್ಬಳನ್ನು ದಾಟಿದಳು. ತಿಕೋಟಾದ ಹುಡುಗಿ ಇನ್ನೂ ಮುಂದಿದ್ದಳು.

"ಗುಡ್ಡ ಏರ ಬೇ ಲಲಿತಾ! ಗುಡ್ಡ ಏರ!" ಸಕ್ರವ್ವ ಗಂಟಲು ಹರಿಯುವಂತೆ ಕೂಗಿದಳು. ಬೀರಣ್ಣ ತಂತಿಬೇಲಿಯನ್ನು ಬಿಗಿಯಾಗಿ ಹಿಡಿದಿದ್ದ.

ಲಲಿತಾ ಮೊದಲು ಗೆರೆ ದಾಟಿದಳು. ಬೀಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ನಗುತ್ತ ನಿಂತೇ ಇದ್ದಳು.

"ಯಾರ ಮಗಳ್ರಿ ಆಕಿ?" ಪಕ್ಕದವರು ಕೇಳಿದರು. ಬೀರಣ್ಣ ತಲೆಯ ಪಟಕಾ ಬಿಚ್ಚಿ ಎರಡೂ ಕೈಯಲ್ಲಿ ಮೇಲಕ್ಕೆತ್ತಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹುಡುಗಿಗೂ ಬೇಗ ಸುಸ್ತಾಗುತ್ತದೆಯೇ? ನಾಲ್ಕು ಹೆಜ್ಜೆಗೇ ಏದುಸಿರು ಬರುತ್ತದೆಯೇ? ಓಟ ಬಿಡಿಸುವ, ಸಾಲಿ ಬಿಡಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಅದಕ್ಕೆ ಖರ್ಚಿಲ್ಲ. ಇಂದೇ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ.

ಬಬಲೇಶ್ವರದಲ್ಲಿ ಲಲಿತಾ ಬಿದ್ದಾಗ, ಮಗಳು ಸತ್ತೇ ಹೋದಳೆಂದು ಬೀರಣ್ಣ ತಿಳಿದಿದ್ದ. ಅದನ್ನು ಅವನು ಯಾರಿಗೂ ಎಂದೂ ಹೇಳಲಿಲ್ಲ; ‘ಜನ ಏನಂತಾರ’ ಅಂದಿದ್ದು ಬರೀ ನೆಪ.