ಹೈದರಾಬಾದಿನ ಚೀಟಿ

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ. ಎರ್ರಣ್ಣನ ಸ್ಟೂಲು ಖಾಲಿ ಇತ್ತು.

1953ರ ಏಪ್ರಿಲ್ ತಿಂಗಳ ಕೊನೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ, ಪುಸ್ತಕಗಳಿಗೆ ರಟ್ಟು ಹಾಕುವ ಖಾದರಸಾಬನ ಅಂಗಡಿಯಲ್ಲಿ, ಪರದೇಶ ಸಮಾಚಾರ ಮಂಡಳಿಯ ವಾರದ ಸಭೆ ಶುರುವಾಗಬೇಕಿತ್ತು. ಗಾಂಧಿನಗರದ ಚಂದ್ರಣ್ಣ ಮಾಸ್ತರು ಬಂದಿದ್ದರು. ಕುರುಗೋಡಿನ ಶೇಂಗಾ ವ್ಯಾಪಾರಿ ಚಿನ್ನಪ್ಪ ಮೊದಲ ಬಸ್ಸಿಗೇ ಬಂದಿದ್ದ. ಕೂಗಿದರೆ ಕೇಳುವಷ್ಟು ಹತ್ತಿರ ಮನೆಯಿದ್ದ ಎರ್ರಣ್ಣ, ಹತ್ತಿಯ ಬೀಜ ಬಿಡಿಸುವ ಜಿನ್ನಿನ ಗುಮಾಸ್ತ, ಅವನೊಬ್ಬನೇ ಬಂದಿರಲಿಲ್ಲ.

ಯಾಕೆಂಬುದು ಮೂವರಿಗೂ ಗೊತ್ತಿತ್ತು. ಮದರಾಸ್ ಪ್ರಾಂತ್ಯದಿಂದ ಆಂಧ್ರವನ್ನು ಬೇರೆ ರಾಜ್ಯ ಮಾಡುವುದು ನಿಶ್ಚಯವಾಗಿತ್ತು. ಬಳ್ಳಾರಿ ತಾಲ್ಲೂಕು ಆಂಧ್ರಕ್ಕೋ ಮೈಸೂರಿಗೋ ಎಂಬುದೊಂದು ಉಳಿದಿತ್ತು. ಅದನ್ನು ವಿಚಾರಿಸಲು ನ್ಯಾಯಮೂರ್ತಿಯೊಬ್ಬರನ್ನು ನೇಮಿಸಿದ ಸುದ್ದಿ ಆ ವಾರ ಬಂದಿತ್ತು. ಹಿಂದಿನ ಭಾನುವಾರವೇ ಮಾತು ಕೊರಿಯಾ ಬಿಟ್ಟು ಬಳ್ಳಾರಿಗೆ ಹೊರಳಿತ್ತು. ಎರ್ರಣ್ಣನ ಮನೆಮಾತು ತೆಲುಗು, ಹುಟ್ಟೂರು ಅದೋನಿ. "ಆಂಧ್ರ ಬೇಕನ್ನೋರು ಅದೋನಿ ರೈಲು ಹತ್ತಬಹುದು" ಎಂದಿದ್ದರು ಮಾಸ್ತರು. ಎರ್ರಣ್ಣ ಅರ್ಧ ಕುಡಿದ ಚಹಾ ಕೆಳಗಿಟ್ಟು, ಟೋಪಿ ಹಾಕಿಕೊಂಡು ಎದ್ದು ಹೋಗಿದ್ದ.

"ನಾಕು ಮಂದಿ ಇದ್ರ ಮಂಡಳಿ, ಮೂರು ಮಂದಿ ಇದ್ರ ಹರಟಿಕಟ್ಟಿ" ಎಂದ ಚಿನ್ನಪ್ಪ.

ಖಾದರಸಾಬ್ ಖಾಲಿ ಸ್ಟೂಲಿನ ಕಡೆ ನೋಡಿದ. ಆ ಸ್ಟೂಲಿನಿಂದಲೇ ಮಂಡಳಿ ಹುಟ್ಟಿದ್ದು ಅವನಿಗೆ ನೆನಪಾಯಿತು.

ಅದು 1942. ಮದರಾಸಿನ ಮೇಲೆ ಬಾಂಬು ಬೀಳುತ್ತದೆಂದು ಜನ ಊರು ಬಿಟ್ಟು ಬಳ್ಳಾರಿಯ ನೆಂಟರ ಮನೆಗಳಿಗೆ ಬಂದಿದ್ದರು. ಅವರ ಗಂಟುಗಳ ಜೊತೆಗೆ ಸುದ್ದಿಗಳೂ ಇಳಿದವು. ಜಪಾನಿನವರು ಗುಂತಕಲ್ಲಿಗೆ ಬಂದರಂತೆ ಎಂದು ಯಾರೋ ಹೇಳಿದ್ದಕ್ಕೆ ಒಂದು ಮಧ್ಯಾಹ್ನ ಬಜಾರಿನ ಅರ್ಧ ಅಂಗಡಿಗಳು ಬಾಗಿಲು ಹಾಕಿದವು. ಖಾದರಸಾಬನ ಮುಂದೆ ರಟ್ಟಿಗೆ ಬಂದ ಶಾಲೆಯ ಭೂಪಟದ ಪುಸ್ತಕವಿತ್ತು. ಎರ್ರಣ್ಣ ಅದೇ ಸ್ಟೂಲಿನ ಮೇಲೆ ಕುಳಿತು, ಹೊಲಿಗೆಯ ದಾರವನ್ನು ರಂಗೂನಿನಿಂದ ಗುಂತಕಲ್ಲಿನವರೆಗೆ ಎಳೆದು ಅಳೆದ.

"ನಡಕೋತ ಬಂದ್ರ ಮುಂದಿನ ಉಗಾದಿಗೆ ಬರ್ತಾರ" ಎಂದ. "ಅಂಗಡಿ ತೆಗೀರಿ."

ಮುಂದಿನ ಭಾನುವಾರ ಅದೇ ಭೂಪಟ ನೋಡಲು ನಾಲ್ವರು ಸೇರಿದರು. ಆಮೇಲೆ ಅದು ನಿಲ್ಲಲಿಲ್ಲ. ಮದರಾಸಿನ ಪತ್ರಿಕೆ ಒಂದು ದಿನ ತಡವಾಗಿ ರೈಲಿನಲ್ಲಿ ಬರುತ್ತಿತ್ತು. ಮಾಸ್ತರು ಅದನ್ನು ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ಪತ್ರಿಕೆಯಲ್ಲಿ ಇಲ್ಲದ್ದನ್ನು ಯಾರೂ ಸೇರಿಸುವಂತಿರಲಿಲ್ಲ. ಆಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿ ದೇಶಗಳ ಹೆಸರು ಬರೆದ ಚೀಟಿ ಹಾಕುತ್ತಿದ್ದರು. ಯಾವ ದೇಶ ಬಂತೋ ಆ ದೇಶದವನಾಗಿ ಮಾತಾಡಬೇಕು. 'ಅವರು' ಅನ್ನಕೂಡದು, 'ನಾವು' ಅನ್ನಬೇಕು. ಹೀಗೆ ಚಿನ್ನಪ್ಪ ಶೇಂಗಾ ಧೂಳಿನ ಅಂಗಿಯಲ್ಲೇ ರಷ್ಯಾ ಆದ. ಖಾದಿ ಉಡುವ ಮಾಸ್ತರು ಬೆವರುತ್ತ ಬ್ರಿಟನ್ ಆದರು. ಖಾದರಸಾಬನ ಹೆಂಡತಿ ಸುಗ್ರಾಬಿ ಪರದೆಯಾಚೆ ಮಂಡಕ್ಕಿಯ ಒಗ್ಗರಣೆ ಮಂಡಾಳು ಕಲಸುತ್ತ ಎಲ್ಲರನ್ನೂ ಆ ದಿನದ ದೇಶದ ಹೆಸರಿನಿಂದಲೇ ಕರೆಯುತ್ತಿದ್ದಳು. "ಜರ್ಮನಿಗೆ ಇನ್ನೊಂದು ಮೆಣಸಿನಕಾಯಿ ಬೇಕಂತೇನು ಕೇಳ್ರಿ." ಸಕ್ಕರೆ ರೇಷನ್ನಿನಲ್ಲಿದ್ದಾಗ, "ಗೆದ್ದ ದೇಶಕ್ಕೂ ಬೆಲ್ಲದ ಚಹಾನೇ ರೀ ಇವತ್ತು."

ಆ ಎಲ್ಲ ಸಭೆಗಳಲ್ಲಿ ಖಾದರಸಾಬನಿಗೆ ಹೆಚ್ಚಾಗಿ ನೆನಪಿಗೆ ಬರುತ್ತಿದ್ದದ್ದು 1948ರ ಆಗಸ್ಟಿನ ಒಂದು ಸಭೆ. ಅವನ ತಂಗಿ ಮದಾರಬೀಯನ್ನು ಸಿರುಗುಪ್ಪಕ್ಕೆ ಕೊಟ್ಟಿತ್ತು. ಅಲ್ಲಿ ತುಂಗಭದ್ರೆಯ ಆಚೆ ದಡ ನಿಜಾಮನ ಸೀಮೆ. ಆಚೆಯಿಂದ ಹೆದರಿದ ಜನ ಹರಿಗೋಲುಗಳಲ್ಲಿ ದಾಟಿ ಬರುತ್ತಿದ್ದರು. ಬಳ್ಳಾರಿಯಲ್ಲೂ ಜನರ ಮನಸ್ಸು ಕುದಿಯುತ್ತಿತ್ತು. ಸಾಬರ ಅಂಗಡಿ ಎಂದು ಕೆಲವರು ಅವನಲ್ಲಿಗೆ ರಟ್ಟಿಗೆ ಕೊಡುವುದನ್ನೇ ಬಿಟ್ಟಿದ್ದರು. ಅಂಗಡಿಯ ಕಟ್ಟೆಯ ಮೇಲೆ ಸಭೆ ಕೇಳಲು ಹೊರಗಿನವರೂ ಕುಳಿತಿದ್ದರು. ಆ ಭಾನುವಾರ ಡಬ್ಬಿಗೆ ಕೈ ಹಾಕಿ ಚೀಟಿ ಬಿಡಿಸುತ್ತಿದ್ದಂತೆ ಅವನ ಕಣ್ಣಿಗೆ ಬಿದ್ದದ್ದು 'ಹೈ' ಎಂಬ ಅಕ್ಷರ. ಅಷ್ಟರಲ್ಲಿ ಪಕ್ಕದ ಸ್ಟೂಲಿನ ಎರ್ರಣ್ಣ ತನ್ನ ಚೀಟಿಯನ್ನು ಅವನ ಅಂಗೈಗೆ ತುರುಕಿ, ಅವನ ಚೀಟಿಯನ್ನು ಎಳೆದುಕೊಂಡು ಗಟ್ಟಿಯಾಗಿ ಓದಿದ: "ಹೈದರಾಬಾದು. ನನಗ ಬಂತು."

ಖಾದರಸಾಬನ ಕೈಯಲ್ಲಿ ಉಳಿದದ್ದು ಈಜಿಪ್ಟ್.

ಎರ್ರಣ್ಣ ಎದ್ದು ನಿಂತು "ನಾವು ಹೈದರಾಬಾದಿನವರು" ಎಂದು ಶುರುಮಾಡಿ, ಪತ್ರಿಕೆಯಲ್ಲಿ ಬಂದ, ಭಾರತಕ್ಕೆ ಸೇರುವುದಿಲ್ಲವೆಂಬ ಅವರ ವಾದವನ್ನು ಒಂದೂ ಬಿಡದೆ ಹೇಳಿದ. ಕಟ್ಟೆಯ ಮೇಲಿದ್ದವರು ಉಗುಳಿ ಎದ್ದು ಹೋದರು. ಮುಂದೆ ಬಹಳ ದಿನ ಜಿನ್ನಿನ ಹಮಾಲರು ಅವನನ್ನು "ಏ ನಿಜಾಮ" ಎಂದು ಕೂಗಿದರು. ಅದನ್ನೇ ಖಾದರಸಾಬ್ ಹೇಳಿದ್ದರೆ ಅವನ ಅಂಗಡಿ ಉಳಿಯುತ್ತಿತ್ತೋ ಇಲ್ಲವೋ. ಆ ಬಗ್ಗೆ ಇಬ್ಬರೂ ಒಂದು ದಿನವೂ ಮಾತಾಡಿರಲಿಲ್ಲ.

ಈಗ ಖಾದರಸಾಬ್ ಕತ್ತರಿ ತೆಗೆದುಕೊಂಡು ಎರಡು ಚೀಟಿ ಕತ್ತರಿಸಿ, ಬರೆದು, ಮಡಚಿ ಡಬ್ಬಿಗೆ ಹಾಕಿದ.

"ಮುಂದಿನ ವಾರದ ವಿಷಯ ಬಳ್ಳಾರಿ" ಎಂದ. "ಒಂದು ಚೀಟಿ ಆಂಧ್ರ, ಒಂದು ಮೈಸೂರು. ಮಾಸ್ತರ, ತೆಗೀರಿ."

"ಬಳ್ಳಾರಿ ಹೆಂಗ ಪರದೇಶ ಆಗತೈತ್ರಿ ಸಾಬರೇ?" ಎಂದರು ಮಾಸ್ತರು.

ಪರದೆಯಾಚೆಯಿಂದ ಸುಗ್ರಾಬಿ ಹೇಳಿದಳು: "ಅದೋನಿಗೆ ರೈಲು ಹತ್ತಿಸಿದೋರು ನೀವಲ್ಲೇನ್ರಿ? ಪಾಸ್‌ಪೋರ್ಟು ಕೇಳಲಿಲ್ಲ ಅಷ್ಟ."

ಚಿನ್ನಪ್ಪ ಚಹಾ ನೆತ್ತಿಗೇರಿಸಿಕೊಂಡು ಕೆಮ್ಮಿದ. ಮಾಸ್ತರು ತಲೆ ತಗ್ಗಿಸಿ ಡಬ್ಬಿಗೆ ಕೈ ಹಾಕಿದರು. ಬಂದದ್ದು ಆಂಧ್ರ. ಬೇರೆ ಬರುವಂತಿರಲಿಲ್ಲ, ಖಾದರಸಾಬ್ ಎರಡರಲ್ಲೂ ಅದನ್ನೇ ಬರೆದಿದ್ದ. ಇಬ್ಬರೂ ಹೋದ ಮೇಲೆ ಡಬ್ಬಿಯಲ್ಲಿದ್ದ ಚೀಟಿಯನ್ನು ಹರಿದು, ಹೊಸ ಚೀಟಿಯಲ್ಲಿ 'ಮೈಸೂರು' ಎಂದು ಬರೆದು, ಡಬ್ಬಿ ಹಿಡಿದು ಎರ್ರಣ್ಣನ ಮನೆಗೆ ಹೋದ.

ಬಾಗಿಲು ತೆಗೆದವಳು ಎರ್ರಣ್ಣನ ಹೆಂಡತಿ ಎರ್ರಮ್ಮ. "ಬರ್ರಿ ಅಣ್ಣಾರ. ವಾರದಿಂದ ನನ್ ಕೂಡ ವಾದ ಮಾಡಾಕ ಹತ್ಯಾರ. ನಿಮ್ಮ ಮಂದಿನ ನೀವ ಕರಕೊಂಡು ಹೋಗ್ರಿ."

ಎರ್ರಣ್ಣ ಒಳಗಿನಿಂದಲೇ ಅಂದ: "ನಾನು ಬರಂಗಿಲ್ಲ ಸಾಬರೇ. ಈ ಊರಾಗ ಇಪ್ಪತ್ತು ವರ್ಷ ಅದೀನಿ. ನನಗ ರೈಲು ತೋರಿಸ್ಯಾರ."

"ತೋರಿಸಿದ್ದು ತಪ್ಪು. ಅದಕ್ಕ ಅವರಿಗೇ ಆಂಧ್ರ ಬಂದೈತಿ."

"ಮಾಸ್ತರಿಗೆ?" ಎರ್ರಣ್ಣ ನಡುಮನೆಗೆ ಬಂದ.

"ಹ್ಞೂಂ. ಮುಂದಿನ ವಾರ 'ನಾವು ಆಂಧ್ರದವರು' ಅಂತ ಶುರು ಮಾಡಬೇಕು. ನಿನ್ನ ಚೀಟಿ ನೀನು ತೆಗಿ."

ಎರ್ರಣ್ಣ ಡಬ್ಬಿಯಲ್ಲಿ ಇಣುಕಿ ನೋಡಿದ. "ಮಾಸ್ತರಿಗೆ ಎರಡು ಚೀಟ್ಯಾಗೂ ಆಂಧ್ರ ಬರದಿರಬೇಕು, ಈಗ ನನಗೊಂದು ಹೊಸಾದು ತಂದೀರಿ. ಮಸಿ ಇನ್ನೂ ಹಸೀ ಐತಿ. ಹಿಂಗ ಮೋಸ ಮಾಡಿದ್ರ ಮಂಡಳಿ ಉಳೀತೈತೇನು?"

"ಹೈದರಾಬಾದಿನ ದಿನ ಉಳೀತಲ್ಲಪಾ" ಎಂದ ಖಾದರಸಾಬ್.

ಎರ್ರಣ್ಣ ಚೀಟಿ ತೆಗೆದು, ಬಿಡಿಸದೆ ಜೇಬಿಗೆ ಹಾಕಿಕೊಂಡ.

ಮುಂದಿನ ಭಾನುವಾರ ಅವನು ಬಂದು ತನ್ನ ಸ್ಟೂಲಿನ ಮೇಲೆ ಕುಳಿತ. ಮಾಸ್ತರ ಮುಖ ನೋಡಲಿಲ್ಲ. ಮಾಸ್ತರು ಎದ್ದು ಗಂಟಲು ಸರಿಮಾಡಿಕೊಂಡರು.

"ನಾವು ಆಂಧ್ರದವರು" ಎಂದರು. ನಿಂತರು. "ನಾವು... ಈ ಊರಿನ ಜಿನ್ನುಗಳಾಗ ತಲೆಮಾರಿನಿಂದ ದುಡದೀವಿ. ಇಲ್ಲೇ ಮನಿ ಕಟ್ಟೀವಿ. ನಮ್ಮ ಮುದುಕರನ್ನ ಇಲ್ಲೇ ಮಣ್ಣು ಮಾಡೀವಿ. ನಮಗ ಯಾರೂ ರೈಲು ತೋರಿಸಬಾರದು."

ಎರ್ರಣ್ಣ ಎದ್ದ.

"ನಾವು ಮೈಸೂರಿನವರು" ಎಂದ. "ಆಂಧ್ರದವರು ಹೇಳಿದ್ದು ಖರೇ. ರೈಲಿನ ಮಾತು ನಮ್ಮ ಕಡಿಯವರೊಬ್ಬರು ಆಡ್ಯಾರ. ಅವರು ಸಾಲಿ ಮಾಸ್ತರು, ಭೂಗೋಳ ಪಾಠ ಮಾಡ್ತಾರ, ದಿಕ್ಕು ತಪ್ಪಿದ್ದು ಅದಕ್ಕ. ಆದ್ರೂ ತಾಲ್ಲೂಕು ಬಿಡಂಗಿಲ್ಲ."

ಮೊದಲು ನಕ್ಕವರು ಮಾಸ್ತರೇ. ಆಮೇಲೆ ವಾದ ಹನ್ನೆರಡು ಗಂಟೆಯವರೆಗೂ ನಡೆಯಿತು. ಯಾರೂ ಸೋಲಲಿಲ್ಲ. "ಮೈಸೂರಿಗೂ ಆಂಧ್ರಕ್ಕೂ ಒಂದೇ ತಾಟು, ನೀವ ಹಂಚಿಕೊಳ್ರಿ" ಎಂದು ಸುಗ್ರಾಬಿ ಮಂಡಾಳನ್ನು ಪರದೆಯ ಈಚೆಗೆ ತಳ್ಳಿದಳು.

ಅಕ್ಟೋಬರ್ ಒಂದರಂದು ಬಳ್ಳಾರಿ ಮೈಸೂರಿಗೆ ಸೇರಿತು, ಅದೋನಿ ಆಂಧ್ರಕ್ಕೆ ಹೋಯಿತು. ಅದರ ಮುಂದಿನ ಭಾನುವಾರ ನಾಲ್ವರೂ ಬಂದಿದ್ದರು. ವಿಷಯ ಕದನವಿರಾಮದ ನಂತರದ ಕೊರಿಯಾ. ಎರ್ರಣ್ಣನಿಗೆ ಚೀನಾ ಬಂತು.