ಬೂದುಗುಂಬಳದ ಮೇಲೆ ಬಿದ್ದವನು

ಬೆಳಿಗ್ಗೆ ಎಂಟೂವರೆ. ಖಂಡೆ ಪೂಜೆ, ಎಂದರೆ ಆಯುಧ ಪೂಜೆಯ ದಿನ. ಗದಗಿನ ಒಂದು ಓಣಿಯಲ್ಲಿ, ನನ್ನ ಯಜಮಾನನ ಮನೆಯ ಗೇಟಿನ ಎದುರು, ನಾನು ಬಲಮಗ್ಗುಲಿಗೆ ಬಿದ್ದೆ.

ಓಡುತ್ತಿರಲಿಲ್ಲ. ಯಾರೂ ಡಿಕ್ಕಿ ಹೊಡೆಯಲಿಲ್ಲ. ನಿಂತಲ್ಲೇ ಬಿದ್ದೆ. ನನ್ನಂಥವರು ಬೀಳುವುದು ಹೆಚ್ಚಾಗಿ ಹೀಗೇ. ಇದು ಜನರ ತಲೆಗೆ ಹೋಗುವುದಿಲ್ಲ. ಬಿದ್ದದ್ದು ಕಂಡ ಕೂಡಲೇ "ಎಷ್ಟು ಸ್ಪೀಡಿನಾಗಿದ್ರಿ?" ಎಂದು ಕೇಳುತ್ತಾರೆ.

ನಾನು ಒಂದು ಮೋಟರ್ ಸೈಕಲ್. ದೂರದ ಊರುಗಳಿಗೆ ಹೋಗಲೆಂದೇ ಮಾಡಿದ ಜಾತಿ. ಅಗಲವಾದ ಸೀಟು, ಗಾಳಿ ತಡೆಯುವ ಗಾಜು, ಹಿಂದೆ ಎರಡೂ ಪಕ್ಕಕ್ಕೆ ಸಾಮಾನಿನ ಪೆಟ್ಟಿಗೆ. ತೂಕ ಮುನ್ನೂರೈವತ್ತು ಕಿಲೋ. ಹುಟ್ಟಿದ್ದು ಸಮುದ್ರದಾಚೆಯ ಕಾರ್ಖಾನೆಯೊಂದರಲ್ಲಿ. ಅಲ್ಲಿ ನನ್ನ ಒಂದೊಂದು ಬೋಲ್ಟನ್ನೂ ಅಳತೆಯ ಬಿಗಿಗೆ ತಿರುಗಿಸಿ, ಒರೆಸಿ, ಮರದ ಪೆಟ್ಟಿಗೆಯಲ್ಲಿಟ್ಟು ಹಡಗು ಹತ್ತಿಸಿದರು. ಆ ಶಿಸ್ತು ನಾನು ಕಂಡದ್ದು ಅಲ್ಲಿಗೇ ಕೊನೆ.

ನನ್ನನ್ನು ಕೊಂಡವನು ಪ್ರಭುಲಿಂಗ ಅಂಗಡಿ, ಗದಗಿನ ಪಾತ್ರೆ ವ್ಯಾಪಾರಿ. ಓಣಿಯವರಿಗೆಲ್ಲ ಪ್ರಭಣ್ಣ. ಲಾರಿಯಿಂದ ಇಳಿಸುವಾಗಲೇ ಎದುರುಮನೆಯ ಪಟ್ಟಣಶೆಟ್ಟಿ ಕಾಕಾ ಬನಿಯನ್ನಿನಲ್ಲೇ ಹೊರಗೆ ಬಂದು ನನ್ನನ್ನು ಸುತ್ತು ಹಾಕಿದರು.

"ಪ್ರಭಣ್ಣಾ, ಲೀಟರಿಗೆ ಎಷ್ಟು ಕೊಡತೈತೋ?"

"ಹದಿನೆಂಟು, ಕಾಕಾ."

"ಅಷ್ಟಕ್ಕ ಇದನ್ನ್ಯಾಕ ತಂದಿ? ಟ್ರ್ಯಾಕ್ಟರ್ ತರಬಾರದಿತ್ತ?"

ಪ್ರಭಣ್ಣ ಒಳ್ಳೆಯ ಮನುಷ್ಯ. ಓಡಿಸುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ನಿಲ್ಲಿಸುವುದು ಬರುತ್ತಿರಲಿಲ್ಲ. ಇಳಿಜಾರಿನಲ್ಲಿ ನಿಲ್ಲಿಸುತ್ತಿದ್ದ, ಜಲ್ಲಿಯ ಮೇಲೆ ಕಾಲೂರುತ್ತಿದ್ದ, ಹ್ಯಾಂಡಲ್ ತಿರುಗಿಸಿಕೊಂಡೇ ಮುಂದಿನ ಬ್ರೇಕ್ ಹಿಡಿಯುತ್ತಿದ್ದ. ನಾನು ಪೆಟ್ರೋಲ್ ಬಂಕಿನಲ್ಲಿ ಬಿದ್ದೆ, ಮದುವೆ ಮಂಟಪದ ಮುಂದೆ ಬಿದ್ದೆ, ಒಮ್ಮೆ ಅವನ ಅಂಗಡಿಯ ಎದುರೇ ಜೋಡಿಸಿಟ್ಟ ಕೊಡಗಳ ಮೇಲೆ ಬಿದ್ದೆ. ಆ ಸದ್ದಿಗೆ ಬಜಾರಿನ ಅರ್ಧ ಜನ ಓಡಿಬಂದಿದ್ದರು.

ಬೀಳುವುದಕ್ಕಿಂತ ಎತ್ತಿಸಿಕೊಳ್ಳುವುದೇ ದೊಡ್ಡ ಕಷ್ಟ. ನಾಲ್ಕು ಜನ ಸೇರುತ್ತಾರೆ. ಒಬ್ಬ ಹ್ಯಾಂಡಲ್ ಹಿಡಿದು ತನ್ನ ಕಡೆ ಎಳೆಯುತ್ತಾನೆ, ಇನ್ನೊಬ್ಬ ಗಾಜು ಹಿಡಿದು ತನ್ನ ಕಡೆ. ಮೂರನೆಯವನು ಸೈಲೆನ್ಸರಿಗೆ ಕೈ ಹಾಕಿ, "ಅಯ್ಯಯ್ಯೋ" ಎಂದು ಬಿಟ್ಟುಬಿಡುತ್ತಾನೆ. ನಾಲ್ಕನೆಯವನು ಎತ್ತುವುದಿಲ್ಲ, "ಹೂಂ, ಹಾಕ್ರಿ ಜೋರು" ಎನ್ನುತ್ತಿರುತ್ತಾನೆ.

ನನ್ನನ್ನು ಎತ್ತಲು ಜೋರು ಬೇಕಿಲ್ಲ. ಗೇರಿನಲ್ಲಿಡಬೇಕು. ಬಿದ್ದ ಮಗ್ಗುಲಿಗೆ ಹ್ಯಾಂಡಲನ್ನು ಪೂರ್ತಿ ತಿರುಗಿಸಬೇಕು. ನನಗೆ ಬೆನ್ನು ಕೊಟ್ಟು, ಸೀಟಿಗೆ ಕುಂಡೆ ಆನಿಸಿ, ಕುಕ್ಕರಗಾಲಿನಲ್ಲಿ ಕೂರಬೇಕು. ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಸೀಟಿನ ಕೆಳಗಿನ ಕಂಬಿಗೆ. ಆಮೇಲೆ ಕಾಲಿನ ಬಲದಿಂದ ಹಿಂದಕ್ಕೆ ತಳ್ಳುತ್ತ ಸಣ್ಣ ಸಣ್ಣ ಹೆಜ್ಜೆ. ಬಲಕ್ಕೆ ಬಿದ್ದಿದ್ದರೆ ಮೊದಲೇ ಎಡಬದಿಯ ಸ್ಟ್ಯಾಂಡ್ ಬಿಚ್ಚಿಡಬೇಕು. ಇಲ್ಲದಿದ್ದರೆ ಎದ್ದವನು ನಿಲ್ಲದೆ ಎಡಕ್ಕೆ ಉರುಳುತ್ತೇನೆ. ಇಷ್ಟೇ. ನನಗೆ ಬಾಯಿ ಇದ್ದಿದ್ದರೆ ಹೇಳಿ ಹೇಳಿ ಒಣಗುತ್ತಿತ್ತು.

ಒಮ್ಮೆ ಪ್ರಭಣ್ಣ ಒಬ್ಬನೇ ಅರಬೈಲ ಘಟ್ಟ ಇಳಿಯುತ್ತಿದ್ದ. ತಿರುವಿನಲ್ಲಿ ಫೋಟೊ ತೆಗೆಯಲು ನಿಲ್ಲಿಸಿ, ಸಡಿಲ ಮಣ್ಣಿನ ಮೇಲೆ ಕಾಲೂರಿದ. ನಾನು ಅವನ ಮೇಲೆಯೇ ಬಿದ್ದೆ. ಪೆಟ್ಟಿಗೆ ಅಡ್ಡ ಬಂದದ್ದರಿಂದ ಕಾಲು ಮುರಿಯಲಿಲ್ಲ, ಆದರೆ ಸಿಕ್ಕಿಕೊಂಡಿತು. ಕಾದ ಸೈಲೆನ್ಸರ್ ಮೀನಖಂಡವನ್ನು ಸುಡುತ್ತಿತ್ತು. ಬಿದ್ದುಕೊಂಡೇ ಅವನು ನನ್ನನ್ನು ತಳ್ಳಿದ, ಬೈದ. ಕೊನೆಗೆ ಒಬ್ಬ ಲಾರಿಯವನು ಇಳಿದು ಎತ್ತಿದ. ಮನೆಯಲ್ಲಿ ಪ್ರಭಣ್ಣ ಕಾಲು ಉಳುಕಿದೆ ಎಂದಷ್ಟೇ ಹೇಳಿದ. ಮತ್ತೆ ಒಬ್ಬನೇ ನನ್ನನ್ನು ಊರ ಹೊರಗೆ ಒಯ್ಯಲಿಲ್ಲ.

ಹೀಗೆ ನಾನು ಗೋಡೆ ಪಕ್ಕದ ವಸ್ತುವಾದೆ. ನನ್ನ ಕಡೆ ಆಸೆಯಿಂದ ನೋಡುತ್ತಿದ್ದವಳು ಒಬ್ಬಳೇ, ಪ್ರಭಣ್ಣನ ತಂಗಿ ಶಿವಲೀಲಾ. ಮುಂಡರಗಿಯಲ್ಲಿ ಸರಕಾರಿ ದನದ ಡಾಕ್ಟರು. ಸ್ಕೂಟರಿನಲ್ಲಿ ಹಳ್ಳಿ ಹಳ್ಳಿ ತಿರುಗಿದವಳು, ದೊಡ್ಡ ಗಾಡಿ ಓಡಿಸಲೂ ಕಲಿತಿದ್ದಳು. ಭುಜದಲ್ಲಿ ಕಸುವಿತ್ತು, ಎತ್ತರ ಮಾತ್ರ ಅಣ್ಣನ ಕಿವಿಯವರೆಗೆ. ರಜೆ ಹಾಕಿ ಒಬ್ಬಳೇ ಸಮುದ್ರದ ದಂಡೆಗುಂಟ ಹೋಗಬೇಕೆಂಬುದು ಅವಳ ಬಹಳ ದಿನದ ಆಸೆ. ಬಂದಾಗಲೆಲ್ಲ ಕೇಳುತ್ತಿದ್ದಳು. ಪ್ರಭಣ್ಣನದು ಒಂದೇ ಉತ್ತರ:

"ಬಿದ್ರ ಯಾರು ಎತ್ತತಾರ?"

ಖಂಡೆ ಪೂಜೆಗೆ ಅವಳು ಗದಗಿಗೆ ಬಂದಾಗ ಮಾತು ಮುಗಿದೇ ಹೋಗಿತ್ತು. ಪ್ರಭಣ್ಣ ನನ್ನನ್ನು ಬೆಳಗಾವಿಯ ಒಬ್ಬ ವ್ಯಾಪಾರಿಗೆ ಮಾರಲು ಒಪ್ಪಿದ್ದ. ಆತ ಅವತ್ತೇ ಹನ್ನೊಂದಕ್ಕೆ ಬರುವವನಿದ್ದ. ಪೂಜೆ ಮಾಡದೆ ಗಾಡಿಯನ್ನು ಮನೆಯಿಂದ ಕಳಿಸಬಾರದು ಎಂದು ಬೆಳಿಗ್ಗೆಯೇ ನನ್ನನ್ನು ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿದರು. ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟರು. ಆಮೇಲೆ ಪ್ರಭಣ್ಣ ಕುಂಕುಮ ತುಂಬಿದ ಬೂದುಗುಂಬಳವನ್ನು ನನ್ನ ಸುತ್ತ ಇಳಿ ತೆಗೆದು, ನನ್ನ ಮುಂದಿನ ಗಾಲಿಯಿಂದ ಒಂದು ಮೊಳ ದೂರದಲ್ಲಿ ಒಡೆದ. ತಿರುಳು, ಬೀಜ, ಕೆಂಪು ನೀರು ರಸ್ತೆಯ ತುಂಬ ಹರಡಿತು. ನಂತರ ಅದೇ ಮನುಷ್ಯ ನನ್ನ ಮೇಲೆ ಹತ್ತಿ, ಅದೇ ತಿರುಳಿನ ಮೇಲೆ ಗಾಲಿ ಇಟ್ಟು, ಅದರ ಮೇಲೆಯೇ ಕಾಲೂರಿದ.

ನನ್ನ ದೃಷ್ಟಿ ತೆಗೆಯಲು ಒಡೆದ ಕಾಯಿಯ ಮೇಲೆ ನಾನು ಬಿದ್ದೆ. ಯಾರಿಗೆ ಹೇಳಲಿ?

ಪ್ರಭಣ್ಣ ಹೇಗೋ ಜಿಗಿದು ಪಾರಾದ. ಪಟ್ಟಣಶೆಟ್ಟಿ ಕಾಕಾ ಚಹಾದ ಕಪ್ಪು ಹಿಡಿದುಕೊಂಡೇ ಬಂದರು. "ಪೂಜಾ ಭಾಳ ಚಲೋ ಆತು. ಗಾಡಿ ಸಾಷ್ಟಾಂಗ ಹಾಕ್ತು."

"ಕಾಕಾ, ಮಾತು ಸಾಕು. ನಾಲ್ಕು ಮಂದಿ ಕರೀರಿ" ಎಂದ ಪ್ರಭಣ್ಣ.

ಶಿವಲೀಲಾ ಸೆರಗು ಸಿಕ್ಕಿಸಿಕೊಂಡಳು. "ಯಾರನ್ನೂ ಕರೀಬ್ಯಾಡ್ರಿ. ಅಣ್ಣಾ, ಬಿದ್ರ ಯಾರು ಎತ್ತತಾರ ಅಂತಿದ್ದೆಲ್ಲ, ಈಗ ಬಿದ್ದೈತಿ. ನಾನ ಎತ್ತತೀನಿ. ಎತ್ತಿದ್ರ ನನಗ ಕೊಡು."

"ಹುಚ್ಚು ಹಿಡಿದೈತೇನ ನಿನಗ?"

"ಎತ್ತಲಿಲ್ಲಂದ್ರ ಬೆಳಗಾವಿಯಾಂವ ಒಯ್ಯಲಿ. ಇನ್ನೊಮ್ಮೆ ಕೇಳಂಗಿಲ್ಲ."

ಓಣಿಯೇ ನೋಡುತ್ತಿತ್ತು. ಪ್ರಭಣ್ಣ ಒಪ್ಪಿದ. "ಒಬ್ಬಾಕಿನ ಎತ್ತಬೇಕು. ಯಾರೂ ಕೈ ಹಚ್ಚಂಗಿಲ್ಲ."

ಅವಳು ಮೊದಲು ನನ್ನನ್ನು ಮುಟ್ಟಲೇ ಇಲ್ಲ. ತಿರುಳನ್ನೆಲ್ಲ ಬರಲಿನಿಂದ ಗುಡಿಸಿದಳು. ಕಾಕಾ ಮನೆ ಕಟ್ಟಿಸಲು ತರಿಸಿದ್ದ ಉಸುಕಿನಿಂದ ಎರಡು ಬುಟ್ಟಿ ತಂದು ನೆಲಕ್ಕೆ ಹರಡಿದಳು.

"ಅದು ನಮ್ಮ ಉಸುಕು ಐತವಾ" ಎಂದರು ಕಾಕಾ.

"ವಾಪಸ್ ಗುಡಿಸಿ ಕೊಡ್ತೀನ್ರಿ. ಜಾರೋ ನೆಲದ ಮ್ಯಾಲೆ ಎಮ್ಮೀನೂ ಏಳಂಗಿಲ್ಲ."

ನನ್ನನ್ನು ಎಮ್ಮೆಗೆ ಹೋಲಿಸಿದ್ದು ಇಷ್ಟವಾಗಲಿಲ್ಲ. ಆದರೆ ನೆಲ ನೋಡಿದವರಲ್ಲಿ ಅವಳೇ ಮೊದಲಿಗಳು ಎಂಬುದನ್ನು ಒಪ್ಪಲೇಬೇಕು. ಹ್ಯಾಂಡಲ್ ತಿರುಗಿಸಿದಳು. ಬೆನ್ನು ಕೊಟ್ಟು ಕೂತಳು. ಬಿದ್ದ ದನ ಎಬ್ಬಿಸಿ ರೂಢಿಯಿದ್ದವಳು, ಎಳೆಯಲಿಲ್ಲ, ತಳ್ಳಿದಳು. ನಾನು ಎದ್ದೆ. ಎಷ್ಟು ಸಲೀಸಾಗಿ ಎದ್ದೆನೆಂದರೆ ನನಗೇ ಆಶ್ಚರ್ಯ. ಓಣಿ ಚಪ್ಪಾಳೆ ತಟ್ಟಿತು.

ಸ್ಟ್ಯಾಂಡ್! ಸ್ಟ್ಯಾಂಡ್ ಬಿಚ್ಚಿರಲಿಲ್ಲ! ಎಲ್ಲ ಸರಿಯಾಗಿ ಮಾಡಿ ಅದೊಂದನ್ನು ಮರೆತಿದ್ದಳು. ನಾನು ನೆಟ್ಟಗಾಗಿ, ನಿಲ್ಲದೆ, ಆ ಕಡೆ ಎಡಮಗ್ಗುಲಿಗೆ ಧಡ್ಡನೆ ಬಿದ್ದೆ. ಕನ್ನಡಿ ಒಡೆಯಿತು, ಇಂಡಿಕೇಟರ್ ಚೂರಾಯಿತು.

"ಸಾಕು ಬಿಡು ಲೀಲಾ!" ಪ್ರಭಣ್ಣ ಕೂಗಿ ಓಡಿಬಂದ.

"ಕೈ ಹಚ್ಚಬ್ಯಾಡ. ಇನ್ನೊಮ್ಮೆ ಎತ್ತತೀನಿ."

"ಇಲ್ಲಿ ಉಸುಕು ಐತಿ, ಮಂದಿ ಐತಿ. ಘಟ್ಟದಾಗ ಏನ್ ಮಾಡ್ತಿ?"

"ಒಂದು ಗಾಡಿ ಕೇಳಿದ್ದಕ್ಕ ಇಷ್ಟ ಯಾಕ ಒದರ್ತಿ?"

ಪ್ರಭಣ್ಣ ಬಗ್ಗಿ ಪ್ಯಾಂಟನ್ನು ಮೊಣಕಾಲತನಕ ಏರಿಸಿದ. ಮೀನಖಂಡದ ಮೇಲೆ ಅಂಗೈ ಉದ್ದದ ಸುಟ್ಟ ಕಲೆ. "ಅರಬೈಲದಾಗ ಇದರ ಕೆಳಗ ಬಿದ್ದಿದ್ನಿ. ಒಂದು ತಾಸು. ಹೋಗೋ ಬಸ್ಸಿನವ್ರೂ ನಿಲ್ಲಸಲಿಲ್ಲ. ಒಂದು ಮಂಗ್ಯಾ ಬಂದು ಎದುರು ಕೂತು ನನ್ನ ಬಿಸ್ಕಿಟ್ ತಿಂತು."

ಯಾರೋ ನಕ್ಕರು. ಶಿವಲೀಲಾ ನಗಲಿಲ್ಲ. ಕೂತು ಕಲೆಯನ್ನು ಒತ್ತಿ ನೋಡಿದಳು.

"ಏನು ಹಚ್ಚಿದ್ದಿ ಇದಕ್ಕ?"

"ಟೂತ್‌ಪೇಸ್ಟ್."

"ಡಾಕ್ಟರ್ ತಂಗಿ ಇಟ್ಕೊಂಡು ಟೂತ್‌ಪೇಸ್ಟ್ ಹಚ್ಚಿದ್ಯಾ?"

"ನೀ ದನದ ಡಾಕ್ಟರು."

"ದನಕ್ಕೂ ಹಚ್ಚಂಗಿಲ್ಲ ಅದನ್ನ."

ಅವಳು ಎದ್ದು ನನ್ನ ಈ ಮಗ್ಗುಲಿಗೆ ಬಂದಳು. ಇಲ್ಲಿ ಉಸುಕಿರಲಿಲ್ಲ. ಅವಳು ತರಲೂ ಹೋಗಲಿಲ್ಲ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಳು. ಮೊದಲ ಸಲ ತಳ್ಳಿದಾಗ ಸ್ವಲ್ಪ ಎದ್ದು ಮತ್ತೆ ಕೂತೆ. ಅವಳ ಬೆನ್ನು ಬೆವತಿತ್ತು. ಯಾರೂ ಹಾಕ್ರಿ ಜೋರು ಎನ್ನಲಿಲ್ಲ. ಪ್ರಭಣ್ಣ ಮಾತ್ರ ಸಣ್ಣ ದನಿಯಲ್ಲಿ, "ಹ್ಯಾಂಡಲ್ ಪೂರ್ತಿ ತಿರುಗಿಲ್ಲ ನೋಡು" ಎಂದ. ಇಷ್ಟು ವರ್ಷಗಳಲ್ಲಿ ಅವನು ಆಡಿದ ಮೊದಲ ಸರಿಯಾದ ಮಾತು ಅದು.

ಅವಳು ತಿರುಗಿಸಿ, ಉಸಿರು ಹಿಡಿದು, ತಳ್ಳಿದಳು. ನಾನು ಅಂಗುಲ ಅಂಗುಲವಾಗಿ ಎದ್ದೆ. ಸೊಂಟದಿಂದ ನನ್ನನ್ನು ತಡೆದು ಹಿಡಿದು, ಹಿಮ್ಮಡಿಯಿಂದ ಸ್ಟ್ಯಾಂಡ್ ಬಿಚ್ಚಿ, ಅದರ ಮೇಲೆ ನಿಧಾನಕ್ಕೆ ಒರಗಿಸಿದಳು. ಪ್ರಭಣ್ಣ ಬೆಳಗಾವಿಗೆ ಫೋನ್ ಹಚ್ಚಿ, ಬರುವುದು ಬೇಡ ಎಂದ.

ಎಷ್ಟೋ ವರ್ಷ ಓಡಿ ಮುದಿಯಾಗಿ, ಈಗ ನಾನು ಮುಂಡರಗಿಯಲ್ಲಿ ಅವಳ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿದ್ದೇನೆ. ಬ್ಯಾಟರಿ ತೆಗೆದಿದ್ದಾರೆ, ಸೀಟಿನ ಮೇಲೆ ಹಿಂಡಿಯ ಚೀಲ ಇಡುತ್ತಾರೆ. ದೂರದೂರಿಗೆಂದು ಮಾಡಿದವನ ಮೇಲೆ ದನದ ಮೇವು! ಅವಳ ಕೈಯಲ್ಲೂ ನಾನು ಬಿದ್ದಿದ್ದೇನೆ, ಮುರುಡೇಶ್ವರದಲ್ಲಿ, ಕುಂದಾಪುರದಲ್ಲಿ, ಒಮ್ಮೆ ಒಂದು ಹೋರಿ ಹಾದದ್ದರಿಂದ ಹಳ್ಳಿಯ ಗಟಾರದಲ್ಲಿ. ಬೀಳಿಸದವರು ಯಾರೂ ನನಗೆ ಸಿಗಲಿಲ್ಲ. ಎತ್ತಲು ಬಂದವಳು ಒಬ್ಬಳು ಸಿಕ್ಕಳು. ನನ್ನ ತೂಕದವರಿಗೆ ಅಷ್ಟು ಸಾಕೇನೋ.

ಆ ವರ್ಷ ಬನ್ನಿ ಹಂಚಿದ ಮರುದಿನವೇ ಅವಳು ಒಬ್ಬಳೇ ಹೊರಟಳು. ಹುಬ್ಬಳ್ಳಿ, ಯಲ್ಲಾಪುರ ದಾಟಿ ಅದೇ ಅರಬೈಲ ಘಟ್ಟ ಇಳಿದೆವು. ಸಂಜೆ ಕಾರವಾರದ ದಂಡೆಯಲ್ಲಿ ನನ್ನನ್ನು ಗಟ್ಟಿ ನೆಲ ಹುಡುಕಿ ನಿಲ್ಲಿಸಿ ಅಣ್ಣನಿಗೆ ಫೋನ್ ಮಾಡಿದಳು. ಗದಗಿನಲ್ಲಿ ಮುಂಜಾನೆಯಿಂದ ಏನೂ ತಿನ್ನದೆ ಕೂತಿದ್ದ ಪ್ರಭಣ್ಣ ಆಮೇಲೆ ಊಟಕ್ಕೆ ಎದ್ದನಂತೆ.